ತೀರ್ಪು ಕೊಡುವವನ ಭಯ

ಬೆಲ್ಜಿಯಂನ ಬ್ರೂಜ್ ಪಟ್ಟಣದ ಗ್ರೂನಿಂಗ ಮ್ಯೂಸಿಯಂನಲ್ಲಿ ಮರದ ಹಲಗೆಯ ಮೇಲೆ ಬರೆದ ಜೋಡಿ ಚಿತ್ರವೊಂದಿದೆ. ಎಡಗಡೆಯದರಲ್ಲಿ ಕೆಂಪು ನಿಲುವಂಗಿ ತೊಟ್ಟ ನ್ಯಾಯಾಧೀಶನೊಬ್ಬ ಪೀಠದಲ್ಲಿ ಕುಳಿತಿದ್ದಾನೆ. ಎದುರಿಗೆ ನಿಂತ ರಾಜ ಬೆರಳು ಮಡಚುತ್ತ ಅವನ ತಪ್ಪುಗಳನ್ನು ಎಣಿಸಿ ಹೇಳುತ್ತಿದ್ದಾನೆ. ಪಕ್ಕದವನೊಬ್ಬ ಆಗಲೇ ನ್ಯಾಯಾಧೀಶನ ತೋಳು ಹಿಡಿದಾಗಿದೆ. ಹಿಂದೆ ದೂರದಲ್ಲಿ, ಹುಡುಕಿದರಷ್ಟೇ ಕಾಣುವಷ್ಟು ಚಿಕ್ಕದಾಗಿ, ಇದೇ ಮನುಷ್ಯ ಬಾಗಿಲಲ್ಲಿ ನಿಂತು ಹಣದ ಚೀಲ ಇಸಿದುಕೊಳ್ಳುತ್ತಿದ್ದಾನೆ. ಬಲಗಡೆಯ ಹಲಗೆಗೆ ಬಂದರೆ ಅವನನ್ನು ಮೇಜಿನ ಮೇಲೆ ಕಟ್ಟಿ ಮಲಗಿಸಿ, ಜೀವ ಇರುವಾಗಲೇ ಚರ್ಮ ಸುಲಿಯುತ್ತಿದ್ದಾರೆ. ಕಾಲಿನ ಚರ್ಮ ಎಳೆಯುತ್ತಿರುವವನಿಗೆ ಎರಡು ಕೈಯೂ ಬೇಕು, ಹಾಗಾಗಿ ಚಾಕುವನ್ನು ಬಾಯಲ್ಲಿ ಕಚ್ಚಿಕೊಂಡಿದ್ದಾನೆ. ಸುತ್ತ ನಿಂತ ದೊಡ್ಡ ಮನುಷ್ಯರ ಮುಖದಲ್ಲಿ ಸಿಟ್ಟೂ ಇಲ್ಲ, ಕನಿಕರವೂ ಇಲ್ಲ. ಹಿನ್ನೆಲೆಯಲ್ಲಿ ನ್ಯಾಯಪೀಠ ಮತ್ತೆ ಕಾಣುತ್ತದೆ. ಅದರ ಮೇಲೆ ಹಾಸಿರುವುದು ಸುಲಿದ ಚರ್ಮ. ಅಲ್ಲಿ ಕುಳಿತಿರುವವನು ಸತ್ತವನ ಮಗ, ಹೊಸ ನ್ಯಾಯಾಧೀಶ.

ಗೆರಾರ್ಡ್ ಡೇವಿಡ್ ಎಂಬ ಕಲಾವಿದ ಇದನ್ನು ಮುಗಿಸಿದ್ದು 1498ರಲ್ಲಿ. ಕತೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನದು: ಲಂಚ ತಿಂದವನು ಸಿಸಮ್ನೆಸ್, ಅವನಿಗೆ ಈ ಗತಿ ಕಾಣಿಸಿದವನು ಪರ್ಷಿಯಾದ ದೊರೆ ಕ್ಯಾಂಬಿಸಸ್. ಆದರೆ ಚಿತ್ರದೊಳಗಿನ ಉಡುಪು, ಕಟ್ಟಡ, ಮುಖ ಎಲ್ಲವೂ 15ನೇ ಶತಮಾನದ ಬ್ರೂಜ್‌ನವು. ಬರೆಸಿದವರು ಊರಿನ ಆಡಳಿತ ನಡೆಸುತ್ತಿದ್ದ ಹಿರಿಯರು. ತೂಗುಹಾಕಿದ್ದು ನಗರಭವನದಲ್ಲಿ, ಆ ಹಿರಿಯರೇ ಕುಳಿತು ವ್ಯಾಜ್ಯ ಕೇಳುತ್ತಿದ್ದ ಕೋಣೆಯಲ್ಲಿ. ಕಳ್ಳರನ್ನೋ ಕೊಲೆಗಾರರನ್ನೋ ಹೆದರಿಸಲು ಬರೆಸಿದ್ದಾಗಿದ್ದರೆ ಸಂತೆಮಾಳದ ಕಡೆ ಎಲ್ಲಾದರೂ ನಿಲ್ಲಿಸಬಹುದಿತ್ತು. ದಿನಾ ಬೆಳಗಾದರೆ ಈ ಚಾಕು, ಈ ಚರ್ಮ ನೋಡಿಕೊಂಡು ಕೂರಬೇಕಾಗಿದ್ದವರು ತೀರ್ಪು ಕೊಡುವವರು. ದುಡ್ಡು ಕೊಟ್ಟು ತಮ್ಮನ್ನು ತಾವೇ ಹೆದರಿಸಿಕೊಂಡ ನಗರಸಭೆ ಇದು.

ಕಾನೂನಿನ ಇತಿಹಾಸವನ್ನು ಕಾಯ್ದೆಗಳ ಇತಿಹಾಸವಾಗಿ ಬರೆಯುವುದು ಹಳೆಯ ರೂಢಿ. ರೋಮನ್ ಸಂಹಿತೆ, ಮ್ಯಾಗ್ನಕಾರ್ಟ, ನೆಪೋಲಿಯನ್ ಕೋಡ್ ಎಂದು ಮೈಲಿಗಲ್ಲು ನೆಟ್ಟುಕೊಂಡು ಹೋಗುವ ದಾರಿ ಅದು. ಇನ್ನೊಂದು ದಾರಿಯೂ ಇದೆ: ಕೋರ್ಟಿನ ಗೋಡೆಯ ಚಿತ್ರ, ಕುರ್ಚಿ, ನಿಲುವಂಗಿ, ಪ್ರಮಾಣ ಮಾಡುವ ರೀತಿ, ನೇಣುಗಂಬ ನೆಡುವಾಗ ಯಾರು ಗುಂಡಿ ತೋಡಿದರು ಎಂಬ ಲೆಕ್ಕ, ಇವುಗಳಿಂದ ನ್ಯಾಯವನ್ನು ಓದುವುದು. ಈ ದಾರಿಯನ್ನು ಮೊದಲು ತುಳಿದವರಲ್ಲಿ ಒಬ್ಬ, ನಮ್ಮ ಮಕ್ಕಳಿಗೂ ಕತೆಗಳ ಮೂಲಕ ಗೊತ್ತಿರುವ ಗ್ರಿಮ್ ಸೋದರರಲ್ಲಿ ದೊಡ್ಡವನಾದ ಯಾಕೋಬ್. ಅವನು ಓದಿದ್ದು ಲಾ. 1816ರಲ್ಲಿ ಕಾನೂನಿನೊಳಗಿನ ಕಾವ್ಯದ ಬಗ್ಗೆ ಪ್ರಬಂಧ ಬರೆದ, 1828ರಲ್ಲಿ ಜರ್ಮನ್ ನಾಡಿನ ಹಳೆಯ ನ್ಯಾಯಪದ್ಧತಿಗಳನ್ನೆಲ್ಲ ಗುಡ್ಡೆಹಾಕಿದ ದೊಡ್ಡ ಗ್ರಂಥ ತಂದ. ಹೊಲ ಮಾರಿದವನು ಕೊಂಡವನ ಕೈಗೆ ಒಂದು ಹೆಂಟೆ ಮಣ್ಣನ್ನೋ ಮರದ ರೆಂಬೆಯನ್ನೋ ಕೊಡಬೇಕಿತ್ತು ಎಂಬಂಥ ಸಂಗತಿಗಳು ಅದರಲ್ಲಿ ತುಂಬಿವೆ. ಜರ್ಮನಿಯ ಜೋಸ್ಟ್ ಎಂಬ ಊರಿನ ಹಳೆಯ ಕಟ್ಟಳೆಯೊಂದು ನ್ಯಾಯಾಧೀಶ ಹೇಗೆ ಕೂರಬೇಕೆಂದು ಹೇಳುತ್ತದೆ: ಬಲಗಾಲನ್ನು ಎಡಗಾಲ ಮೇಲೆ ಹಾಕಿಕೊಂಡು, ಮುಖ ಗಂಟಿಕ್ಕಿದ ಸಿಂಹದ ಹಾಗೆ.

ಆ ಸಿಂಹದ ಒಳಗೆ ಏನಿತ್ತು ಎಂಬುದು ನನ್ನ ಕುತೂಹಲ. ಕೋರ್ಟು ಎಂದಾಗ ನಾವು ಕಟಕಟೆಯಲ್ಲಿ ನಿಂತವನ ಎದೆಬಡಿತವನ್ನಷ್ಟೇ ಕೇಳಿಸಿಕೊಳ್ಳುತ್ತೇವೆ. ಯುರೋಪಿನ ಏಳೆಂಟು ಶತಮಾನಗಳ ಕಡತ, ಚಿತ್ರ, ಆಚರಣೆಗಳನ್ನು ನೋಡುತ್ತ ಹೋದರೆ ಪೀಠದಲ್ಲಿ ಕುಳಿತವನೂ ಬೆವರುತ್ತಿದ್ದ ಎಂದು ಗೊತ್ತಾಗುತ್ತದೆ. ನಿರಪರಾಧಿಯನ್ನು ಕೊಲ್ಲಿಸಿದರೆ ಆ ರಕ್ತ ತನ್ನ ಆತ್ಮಕ್ಕೆ ಅಂಟುತ್ತದೆ, ಸತ್ತ ಮೇಲೆ ನರಕ ಖಂಡಿತ ಎಂದು ನಂಬಿದ್ದ ಕ್ರೈಸ್ತ ಅವನು. ಎಷ್ಟೋ ನಗರಭವನಗಳಲ್ಲಿ ನ್ಯಾಯಾಧೀಶರ ನೆತ್ತಿಯ ಮೇಲೆ ಕ್ರಿಸ್ತನ ಅಂತಿಮ ತೀರ್ಪಿನ ಚಿತ್ರ ಇರುತ್ತಿತ್ತು. ಯುರೋಪಿನ ನ್ಯಾಯವಿಧಾನದ ಎಷ್ಟೋ ವಿಚಿತ್ರಗಳು ಈ ಭಯವನ್ನು ಯಾರ ತಲೆಗೆ ಕಟ್ಟುವುದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳ ಹಾಗೆ ನನಗೆ ಕಾಣುತ್ತವೆ.

ಬೆಲ್ಜಿಯಂನದೇ ಆದ ಲೂವೆನ್ ಪಟ್ಟಣದವರೂ ಇಂಥದೇ ಚಿತ್ರ ಬರೆಸಿದ್ದರು. 1470ರ ದಶಕದಲ್ಲಿ ಡೀರಿಕ್ ಬೌಟ್ಸ್ ಕೈಗೆತ್ತಿಕೊಂಡ ಆ ಕೆಲಸ ಈಗ ಬ್ರಸೆಲ್ಸ್‌ನಲ್ಲಿದೆ. ಚಕ್ರವರ್ತಿ ಮೂರನೆಯ ಆಟೊನ ರಾಣಿ ಒಬ್ಬ ಕೌಂಟ್‌ನ ಮೇಲೆ ಸುಳ್ಳು ದೂರು ಹೇಳುತ್ತಾಳೆ. ಚಕ್ರವರ್ತಿ ಹಿಂದುಮುಂದು ನೋಡದೆ ಅವನ ತಲೆ ತೆಗೆಸುತ್ತಾನೆ. ಎರಡನೆಯ ಹಲಗೆಯಲ್ಲಿ ಆ ಕೌಂಟ್‌ನ ಹೆಂಡತಿ ಸಿಂಹಾಸನದ ಮುಂದೆ ಮಂಡಿಯೂರಿದ್ದಾಳೆ. ಒಂದು ತೋಳಿನಲ್ಲಿ ಗಂಡನ ಕಡಿದ ತಲೆ, ಇನ್ನೊಂದು ಕೈಯಲ್ಲಿ ಕೆಂಪಗೆ ಕಾದ ಕಬ್ಬಿಣ. ಕೈ ಸುಡುತ್ತಿಲ್ಲ. ದೂರದಲ್ಲಿ ರಾಣಿ ಬೆಂಕಿಯಲ್ಲಿ ಉರಿಯುತ್ತಿದ್ದಾಳೆ. ಕತೆ ಕಟ್ಟುಕತೆಯೇ. ಆದರೆ ಈ ಕಾದ ಕಬ್ಬಿಣದ ಪರೀಕ್ಷೆಗೆ ಚರ್ಚು ಬೆನ್ನು ತಿರುಗಿಸಿ ಆಗಲೇ ಎರಡೂವರೆ ಶತಮಾನ ಕಳೆದಿತ್ತು. ಲೂವೆನ್ನಿನ ಹಿರಿಯರು ಗೋಡೆಯ ಮೇಲೆ ಬರೆಸಿದ್ದು ತಮಗೆ ಇನ್ನು ಸಿಗದ ಅನುಕೂಲವನ್ನು: ದೇವರೇ ಬಂದು ಸಾಕ್ಷಿ ನುಡಿಯುವ ಕಾಲ.

ಆ ಪರೀಕ್ಷೆ ನಡೆಯುತ್ತಿದ್ದ ಬಗೆ ಹೀಗೆ. ಸಾಕ್ಷಿ ಸಿಗದ, ಪ್ರಮಾಣಕ್ಕೆ ಬೆಲೆ ಇಲ್ಲದ ಪ್ರಕರಣ ಬಂದಾಗ ಆಪಾದಿತನನ್ನು ಚರ್ಚಿಗೆ ಕರೆತರುತ್ತಿದ್ದರು. ಮೂರು ದಿನ ಉಪವಾಸ, ಪೂಜೆ. ಪಾದ್ರಿ ಕಬ್ಬಿಣವನ್ನು ಮಂತ್ರಿಸಿ ಕೊಡುತ್ತಿದ್ದ. ಅದನ್ನು ಬರಿಗೈಯಲ್ಲಿ ಹಿಡಿದು ಕೆಲವು ಹೆಜ್ಜೆ ನಡೆಯಬೇಕು. ಕೈಗೆ ಬಟ್ಟೆ ಸುತ್ತಿ ಮುದ್ರೆ ಒತ್ತಿ ಮೂರು ದಿನ ಬಿಟ್ಟು ಬಿಚ್ಚಿ ನೋಡುತ್ತಿದ್ದರು. ಗಾಯ ಕೀವು ಕಟ್ಟಿದ್ದರೆ ಅಪರಾಧಿ, ಸರಿಯಾಗಿ ಮಾಯುತ್ತಿದ್ದರೆ ನಿರಪರಾಧಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಕೈ ಸುಟ್ಟಿದೆಯೇ ಎಂಬುದು ಪ್ರಶ್ನೆಯಲ್ಲ, ಎಲ್ಲರ ಕೈಯೂ ಸುಡುತ್ತದೆ. ಗಾಯ ಹೇಗೆ ಮಾಯುತ್ತಿದೆ ಎಂದು ಹೇಳಬೇಕಾದವರು ಮನುಷ್ಯರೇ. ತೀರ್ಪು ದೇವರದು, ಓದುವ ಕಣ್ಣು ಊರಿನವರದು. ನೀರಿನ ಪರೀಕ್ಷೆಯೂ ಇತ್ತು. ಕಟ್ಟಿ ಇಳಿಬಿಟ್ಟವನು ಮುಳುಗಿದರೆ ನಿರಪರಾಧಿ, ತೇಲಿದರೆ ಪವಿತ್ರ ಜಲ ಅವನನ್ನು ಒಲ್ಲೆ ಎಂದಿತು ಎಂದು ಅರ್ಥ.

ಇದನ್ನು ಕೇಳಿ ನಗುವ ಸೌಲಭ್ಯ ನಮಗಿಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ದಿವ್ಯಗಳ ವಿಧಿ ಸವಿಸ್ತಾರವಾಗಿದೆ. ಅಂಗೈ ಮೇಲೆ ಏಳು ಅರಳಿ ಎಲೆ ಇಟ್ಟು ಕಟ್ಟಿ, ಕಾದ ಕಬ್ಬಿಣದ ಗುಂಡು ಹಿಡಿದು ಏಳು ಮಂಡಲ ದಾಟಬೇಕು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ವಿಲಿಯಂ ಈ ದಿವ್ಯದ ಮೇಲೆ ಸಿಡಿಮಿಡಿಗೊಂಡಿದ್ದ. ರಾಜನ ಕಾಡಿನಲ್ಲಿ ಜಿಂಕೆ ಹೊಡೆದರೆಂಬ ಆರೋಪದ ಮೇಲೆ ಐವತ್ತು ಜನರಿಗೆ ಕಬ್ಬಿಣ ಹಿಡಿಸಲಾಯಿತು. ಐವತ್ತಕ್ಕೆ ಐವತ್ತೂ ಪಾರು! ಸಂನ್ಯಾಸಿ ಈಡ್ಮರ್ ಬರೆದಿಟ್ಟ ಪ್ರಕಾರ, ಹೀಗಾದರೆ ಇನ್ನು ಮೇಲೆ ತೀರ್ಪು ದೇವರ ಕೈಯಲ್ಲಿ ಬೇಡ, ನಾನೇ ಕೊಡುತ್ತೇನೆ ಎಂದು ದೊರೆ ಕೂಗಾಡಿದ. ಗಾಯ ಬಿಚ್ಚಿ ನೋಡಿದವರು ಯಾರ ಪಕ್ಷ ಎಂದು ಅವನಿಗೆ ಗುಮಾನಿ ಬಂದಿರಬೇಕು.

ಅವನ ಗುಮಾನಿ ಸುಳ್ಳಲ್ಲ ಎನ್ನಿಸುವ ದಾಖಲೆಯೊಂದು ಉಳಿದಿದೆ. ಆಗ ಹಂಗೆರಿಗೆ ಸೇರಿದ್ದ, ಈಗ ರುಮೇನಿಯಾದಲ್ಲಿರುವ ವಾರದ್ ಎಂಬ ಊರಿನಲ್ಲಿ ಸಂತ ಲಾಡಿಸ್ಲಾಸನ ಸಮಾಧಿಯ ಬಳಿ ಕಬ್ಬಿಣದ ದಿವ್ಯ ನಡೆಯುತ್ತಿತ್ತು. 1208ರಿಂದ 1235ರವರೆಗಿನ ನೂರಾರು ಪ್ರಕರಣಗಳನ್ನು ಅಲ್ಲಿಯವರು ಒಂದು ವಹಿಯಲ್ಲಿ ಬರೆದಿಟ್ಟಿದ್ದಾರೆ. ದೂರು ಕೊಟ್ಟವನ ಹೆಸರು, ಆಪಾದಿತನ ಹೆಸರು, ಫಲಿತಾಂಶ. ನಮೂದುಗಳು ತೀರ ಚುಟುಕು. ಕಬ್ಬಿಣ ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶುದ್ಧರಾಗಿ ಹೊರಬಂದಿದ್ದಾರೆ. ಎಷ್ಟೋ ಕಡೆ ಕಬ್ಬಿಣ ಕಾಯುವ ಮೊದಲೇ ಎರಡೂ ಕಡೆಯವರು ರಾಜಿಯಾಗಿದ್ದಾರೆ. ಊರು ಒಡೆಯದಂತೆ, ಯಾರೂ ಪಾಪ ಕಟ್ಟಿಕೊಳ್ಳದಂತೆ ಜಗಳ ಮುಗಿಸುವ ಉಪಾಯವಾಗಿ ಇದು ನಡೆದುಕೊಂಡು ಹೋಗುತ್ತಿತ್ತು.

1215ರ ನವೆಂಬರ್‌ನಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ರೋಮಿನ ಲ್ಯಾಟರನ್‌ನಲ್ಲಿ ಕರೆದ ಮಹಾಸಭೆ ಇದಕ್ಕೆ ತೆರೆ ಎಳೆಯಹೊರಟಿತು. ಆ ಸಭೆಯ 18ನೇ ವಿಧಿ ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ. ಪಾದ್ರಿಗಳು ರಕ್ತ ಹರಿಸುವ ಶಿಕ್ಷೆಯನ್ನು ವಿಧಿಸಕೂಡದು, ಬರೆಯಕೂಡದು, ಅಂಥ ಜಾಗದಲ್ಲಿ ನಿಲ್ಲಕೂಡದು. ಹಾಗೆಯೇ ಕಾದ ಕಬ್ಬಿಣ, ಬಿಸಿನೀರು, ತಣ್ಣೀರಿನ ದಿವ್ಯಗಳನ್ನು ಅವರು ಮಂತ್ರಿಸಕೂಡದು. ದೇವರನ್ನು ಹೀಗೆ ಪರೀಕ್ಷೆಗೆ ಒಡ್ಡುವುದು ತಪ್ಪು ಎಂದು ಪ್ಯಾರಿಸ್‌ನ ಪಂಡಿತರು ಮೊದಲಿನಿಂದ ವಾದಿಸುತ್ತಿದ್ದದ್ದು ನಿಜ. ಜೊತೆಗೆ ಚರ್ಚು ತನ್ನ ಕೈ ತೊಳೆದುಕೊಂಡದ್ದೂ ನಿಜ. ಪಾದ್ರಿ ಇಲ್ಲದೆ ದಿವ್ಯ ಇಲ್ಲ. ರಕ್ತದ ಹೊರೆ ಈಗ ಪೂರ್ತಿಯಾಗಿ ಲೌಕಿಕ ನ್ಯಾಯಾಧೀಶನ ಹೆಗಲಿಗೆ ಬಿತ್ತು.

ಅವನು ಏನು ಮಾಡಿದ? ಫ್ರಾನ್ಸ್, ಇಟಲಿ, ಜರ್ಮನಿಗಳಲ್ಲಿ ಕಾನೂನು ಪಂಡಿತರು ಅವನಿಗಾಗಿ ಒಂದು ಗಟ್ಟಿ ಗೋಡೆ ಕಟ್ಟಿಕೊಟ್ಟರು. ಮರಣದಂಡನೆಗೆ ಇಬ್ಬರು ಕಣ್ಣಾರೆ ಕಂಡ ಸಾಕ್ಷಿಗಳು ಬೇಕು, ಅಥವಾ ಆಪಾದಿತನೇ ಒಪ್ಪಿಕೊಳ್ಳಬೇಕು. ರಕ್ತ ಮೆತ್ತಿದ ಕತ್ತಿಯೊಡನೆ ಓಡುತ್ತಿದ್ದವನನ್ನು ಹಿಡಿದರೂ ಅದು ಪೂರ್ಣ ಪುರಾವೆಯಲ್ಲ. ನ್ಯಾಯಾಧೀಶ ತನ್ನ ಊಹೆ, ತನ್ನ ಅನಿಸಿಕೆಗಳನ್ನು ಬೆರೆಸುವಂತಿಲ್ಲ. ಕಾನೂನು ಕೇಳಿದ ಪುರಾವೆ ಸಿಕ್ಕಿತು, ಕಾನೂನು ಹೇಳಿದ ಶಿಕ್ಷೆ ಕೊಟ್ಟೆ ಎಂದು ಅವನು ರಾತ್ರಿ ನಿದ್ದೆ ಮಾಡಬಹುದು. 13ನೇ ಶತಮಾನದಲ್ಲಿ ಕ್ರೈಸ್ತ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಈ ಸಂಕಟವನ್ನು ನೇರವಾಗಿಯೇ ಎತ್ತಿಕೊಂಡ. ಆಪಾದಿತ ನಿರಪರಾಧಿ ಎಂದು ನ್ಯಾಯಾಧೀಶನಿಗೆ ಖಾಸಗಿಯಾಗಿ ಗೊತ್ತಿದ್ದು, ಸಾಕ್ಷಿಗಳು ಮಾತ್ರ ಅವನೇ ಅಪರಾಧಿ ಎಂದರೆ? ಸಾಕ್ಷಿಗಳನ್ನು ಚೆನ್ನಾಗಿ ಜರಡಿ ಹಿಡಿಯಲಿ, ಆಗದಿದ್ದರೆ ಮೇಲಿನವರಿಗೆ ಒಪ್ಪಿಸಲಿ, ಅದೂ ಆಗದಿದ್ದರೆ ಶಿಕ್ಷೆ ಕೊಡಲಿ, ಕೊಂದ ಪಾಪ ಸುಳ್ಳು ಹೇಳಿದವರದು ಎಂದ. ಆತ್ಮ ಉಳಿಸಿಕೊಳ್ಳಲು ಎಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿ. ಸಾಯುವವನಿಗೆ ಇದರಿಂದ ಏನು ಸಿಕ್ಕಿತು ಎಂದು ಮಾತ್ರ ಕೇಳಬಾರದು.

ಗೋಡೆ ಗಟ್ಟಿಯಾದಷ್ಟೂ ಅದರ ಬುಡದಲ್ಲಿ ಕಿಂಡಿ ಕೊರೆಯಬೇಕಾಯಿತು. ಕೊಲೆಗೆ ಇಬ್ಬರು ಸಾಕ್ಷಿಗಳು ಎಲ್ಲಿ ಸಿಗುತ್ತಾರೆ? ಉಳಿದದ್ದು ತಪ್ಪೊಪ್ಪಿಗೆ. ಒಪ್ಪದಿದ್ದರೆ ಒಪ್ಪಿಸಬೇಕು. ಯುರೋಪಿನಲ್ಲಿ ಚಿತ್ರಹಿಂಸೆ ಕೋರ್ಟಿನ ಅಧಿಕೃತ ವಿಧಾನವಾಗಿ ಬೇರೂರಿದ್ದು ಪುರಾವೆಯ ಈ ಅತಿ ಬಿಗಿಯಿಂದಲೇ ಎಂದು ಇತಿಹಾಸಕಾರ ಜಾನ್ ಲ್ಯಾಂಗ್‌ಬೈನ್ 1977ರ ಪುಸ್ತಕದಲ್ಲಿ ವಾದಿಸಿದ. ಚಕ್ರವರ್ತಿ ಐದನೆಯ ಚಾರ್ಲ್ಸ್ 1532ರಲ್ಲಿ ತಂದ ಕರೊಲಿನಾ ಸಂಹಿತೆಯಲ್ಲಿ ಇದಕ್ಕೂ ಶಿಸ್ತಿದೆ. ಮೊದಲು ತಕ್ಕಮಟ್ಟಿನ ಸುಳಿವು ಇರಬೇಕು. ಹಿಂಸೆಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಒಂದೆರಡು ದಿನ ಬಿಟ್ಟು ಬೇರೆ ಜಾಗದಲ್ಲಿ ಅದನ್ನೇ ಮತ್ತೆ ಹೇಳಬೇಕು. ಮಾಡಿದವನಿಗಷ್ಟೇ ಗೊತ್ತಿರುವ ವಿವರ, ಅಂದರೆ ಚಾಕು ಎಲ್ಲಿ ಹೂತಿಟ್ಟ ಎಂಬಂಥದ್ದು, ತಾಳೆಯಾಗಬೇಕು. ಆಗ ಹೇಳಿದ್ದು ಸುಳ್ಳು ಎಂದು ತಿರುಗಿಬಿದ್ದರೆ ಮತ್ತೆ ಹಗ್ಗ, ಮತ್ತೆ ರಾಟೆ. ನಿಯಮಗಳೆಲ್ಲ ಕಾಗದದ ಮೇಲೆ ಸರಿಯಾಗಿಯೇ ಇದ್ದವು.

ಇಂಗ್ಲೆಂಡ್ ಬೇರೆ ಹಾದಿ ಹಿಡಿಯಿತು. 1219ರಲ್ಲಿ ಮೂರನೆಯ ಹೆನ್ರಿಯ ಸರ್ಕಾರ ಸಂಚಾರಿ ನ್ಯಾಯಾಧೀಶರಿಗೆ ಕಳಿಸಿದ ಆಜ್ಞೆ ಓದಿದರೆ ಕಕ್ಕಾಬಿಕ್ಕಿಯಾದ ಸರ್ಕಾರ ಕಾಣುತ್ತದೆ: ದಿವ್ಯ ನಿಂತುಹೋಗಿದೆ, ಸದ್ಯಕ್ಕೆ ನಿಮ್ಮ ವಿವೇಕದಂತೆ ನೋಡಿಕೊಳ್ಳಿ. ನ್ಯಾಯಾಧೀಶರ ವಿವೇಕ ಹೊರೆಯನ್ನು ಮತ್ತೊಬ್ಬರಿಗೆ ದಾಟಿಸಿತು. ಸುತ್ತಮುತ್ತಲಿನ ಹನ್ನೆರಡು ಜನರನ್ನು ಕರೆಸಿ, ಬೈಬಲ್ ಮುಟ್ಟಿಸಿ, ನೀವೇ ಹೇಳಿ ಎಂದರು. ಜ್ಯೂರಿ ಎಂದರೆ ಪ್ರಜಾಪ್ರಭುತ್ವದ ಮೊಳಕೆ ಎಂದು ಆಮೇಲೆ ಹೊಗಳಿದ್ದೇ ಹೊಗಳಿದ್ದು. ಅಂದು ಅಲ್ಲಿ ಕುಳಿತವರಿಗೆ ಅದು ಯಾರಿಗೂ ಬೇಡವಾದ ಭಾರ. ಒಂದು ತೊಡಕೂ ಇತ್ತು. ದೇವರ ತೀರ್ಪಿಗೆ ಯಾರ ಒಪ್ಪಿಗೆಯೂ ಬೇಡ, ನೆರೆಹೊರೆಯವರ ತೀರ್ಪಿಗೆ ಆಪಾದಿತನ ಒಪ್ಪಿಗೆ ಬೇಕು. ಬಾಯಿ ಬಿಡದವನನ್ನು ಏನು ಮಾಡುವುದು? 1275ರ ಕಾಯ್ದೆ ಅಂಥವರನ್ನು ಘೋರ ಸೆರೆಯಲ್ಲಿಡಿ ಎಂದಿತು. ಬರಬರುತ್ತ ಅದು ಮಲಗಿಸಿ ಎದೆಯ ಮೇಲೆ ಭಾರ ಹೇರುವ ಪದ್ಧತಿಯಾಯಿತು. 1586ರಲ್ಲಿ ಯಾರ್ಕ್ ಪಟ್ಟಣದ ಮಾರ್ಗರೆಟ್ ಕ್ಲಿಥರೋ ಎಂಬ ಗೃಹಿಣಿ, ಮನೆಯಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ಅಡಗಿಸಿಟ್ಟ ಆರೋಪ ಹೊತ್ತವಳು, ತಪ್ಪೆಂದೂ ಇಲ್ಲವೆಂದೂ ಹೇಳಲು ಒಪ್ಪಲಿಲ್ಲ. ವಿಚಾರಣೆ ನಡೆದರೆ ತನ್ನ ಮಕ್ಕಳೇ ಸಾಕ್ಷಿ ಹೇಳಬೇಕಾಗುತ್ತದೆ ಎಂಬ ಆತಂಕ ಅವಳಿಗಿತ್ತು. ಬೆನ್ನ ಕೆಳಗೆ ಚೂಪುಗಲ್ಲು ಇಟ್ಟು, ಮೇಲೆ ಬಾಗಿಲು ಹಾಸಿ, ಅದರ ಮೇಲೆ ಕಲ್ಲು ಹೇರಿ ಅವಳನ್ನು ಕೊಂದರು. ಈ ಪದ್ಧತಿ ರದ್ದಾದದ್ದು 1772ರಲ್ಲಿ.

ತೀರ್ಪು ಯಾರದಾದರೂ ಇರಲಿ, ಕತ್ತಿ ಬೀಸಲು ಒಂದು ಕೈ ಬೇಕಲ್ಲ. ಜರ್ಮನ್ ಪಟ್ಟಣಗಳು ಆ ಕೈಯನ್ನು ದುಡ್ಡು ಕೊಟ್ಟು ಇಟ್ಟುಕೊಂಡವು, ಆಮೇಲೆ ಅದನ್ನು ಮುಟ್ಟಲು ಹೇಸಿದವು. ಗಲ್ಲಿಗೇರಿಸುವವನ ಸ್ಪರ್ಶ ಮೈಲಿಗೆ. ಅವನ ಮಕ್ಕಳಿಗೆ ಮರ್ಯಾದಸ್ಥ ಕಸುಬುದಾರರ ಸಂಘದಲ್ಲಿ ಜಾಗವಿಲ್ಲ, ಅವರಲ್ಲಿ ಹೆಣ್ಣು ಕೊಟ್ಟು ತರುವ ಮಾತೂ ಇಲ್ಲ. ಜಾತಿಯ ಊರಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೇಣುಗಂಬ ದುರಸ್ತಿ ಮಾಡಬೇಕಾದಾಗ ಊರಿನ ಅಷ್ಟೂ ಬಡಗಿಗಳು, ಅಷ್ಟೂ ಕಲ್ಲುಕುಟಿಗರು ಮೆರವಣಿಗೆಯಲ್ಲಿ ಹೋಗಿ ಎಲ್ಲರೂ ಕೈ ಹಚ್ಚುತ್ತಿದ್ದರು. ಮೈಲಿಗೆ ಎಲ್ಲರಿಗೂ ತಟ್ಟಿದರೆ ಯಾರಿಗೂ ತಟ್ಟಿದಂತಲ್ಲ ಎಂಬ ತರ್ಕ.

ನ್ಯೂರೆಂಬರ್ಗಿನ ಫ್ರಾಂಜ್ ಶ್ಮಿಟ್ ಇಂಥ ಕೆಲಸ ಮಾಡಿದವನು. 1573ರಿಂದ 1618ರವರೆಗೆ ತಾನು ಯಾರನ್ನು, ಯಾತಕ್ಕಾಗಿ, ಹೇಗೆ ಕೊಂದೆ ಎಂದು ದಿನಚರಿ ಬರೆದಿಟ್ಟಿದ್ದಾನೆ. ಒಟ್ಟು 394 ಜನ. ಅವನ ಮನೆತನದ್ದು ಈ ಕಸುಬಲ್ಲ. 1553ರಲ್ಲಿ ಹೋಫ್ ಪಟ್ಟಣದಲ್ಲಿ ಅಲ್ಲಿಯ ಪ್ರಭು ತನ್ನ ವಿರುದ್ಧ ಸಂಚು ಹೂಡಿದರೆಂದು ಕೆಲವರನ್ನು ಹಿಡಿದ. ಗಲ್ಲಿಗೇರಿಸಲು ಯಾರೂ ಇರಲಿಲ್ಲ. ಗುಂಪಿನಲ್ಲಿ ನಿಂತು ನೋಡುತ್ತಿದ್ದ ಹೈನ್ರಿಕ್ ಶ್ಮಿಟ್‌ನನ್ನು ಕರೆದು, ನೀನು ಮಾಡು, ಇಲ್ಲವಾದರೆ ನಿನಗೇ ಹಗ್ಗ ಎಂದ. ಆ ಒಂದು ದಿನದ ಕೆಲಸದಿಂದ ಇಡೀ ಸಂಸಾರ ಮರ್ಯಾದೆ ಕಳೆದುಕೊಂಡಿತು. ಮಗ ಫ್ರಾಂಜ್ ಅಪ್ಪನ ಕಸುಬನ್ನೇ ಹಿಡಿಯಬೇಕಾಯಿತು. ಬಿಡುವಿದ್ದಾಗ ಅವನು ಮೂಳೆ ಕೂರಿಸುತ್ತಿದ್ದ, ಗಾಯಕ್ಕೆ ಮದ್ದು ಕೊಡುತ್ತಿದ್ದ. ಹಗಲು ಅವನ ನೆರಳು ಕಂಡರೆ ಸರಿಯುತ್ತಿದ್ದವರೇ ಕೈಕಾಲು ಉಳುಕಿದರೆ ಅವನ ಬಾಗಿಲಿಗೆ ಬರುತ್ತಿದ್ದರು. 1624ರಲ್ಲಿ ಚಕ್ರವರ್ತಿಗೆ ಅರ್ಜಿ ಬರೆದು ತನ್ನ ಮನೆತನದ ಗೌರವ ಮರಳಿ ಕೊಡಿ ಎಂದು ಬೇಡಿದ. ಚಕ್ರವರ್ತಿ ಎರಡನೆಯ ಫರ್ಡಿನೆಂಡ್ ಕೊಟ್ಟ. ಇವನಿಗೆ ಸಾವಿನ ಆಜ್ಞೆ ಬರೆದು ಕಳಿಸುತ್ತಿದ್ದ ನಗರಸಭೆಯ ಗಣ್ಯರಿಗೆ ಅಂಥ ಅರ್ಜಿ ಬರೆಯುವ ಪ್ರಮೇಯ ಬರಲಿಲ್ಲ.

   

ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆಗೂ ಹಳೆಯ ಯುರೋಪಿನ ಒಂದು ಕತೆಯಿದೆ. ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಗ್ರಂಥಾಲಯದಲ್ಲಿ ಹೊಸ ವಿಗ್ರಹ ಇಟ್ಟಿರುವುದು 2024ರ ಅಕ್ಟೋಬರ್‌ನಲ್ಲಿ ಸುದ್ದಿಯಾಯಿತು. ಅದರ ಕಣ್ಣಿಗೆ ಪಟ್ಟಿ ಇರಲಿಲ್ಲ, ಕೈಯಲ್ಲಿ ಕತ್ತಿಯ ಬದಲು ಸಂವಿಧಾನ. ಶತಮಾನಗಳ ಪವಿತ್ರ ಸಂಕೇತವನ್ನು ತೆಗೆದರು ಎಂದು ಕೆಲವರು ಬೇಸರಪಟ್ಟರು. ಆ ಪಟ್ಟಿ ಯುರೋಪಿನಲ್ಲಿ ಮೊದಲು ಕಾಣಿಸಿಕೊಂಡದ್ದು ಗೇಲಿಯಾಗಿ. ಬಾಸೆಲ್‌ನಲ್ಲಿ ಕಾನೂನು ಪಾಠ ಹೇಳುತ್ತಿದ್ದ ಸೆಬಾಸ್ಟಿಯನ್ ಬ್ರಾಂಟ್ 1494ರಲ್ಲಿ ಮೂರ್ಖರ ಹಡಗಿನ ಬಗ್ಗೆ ವಿಡಂಬನೆ ಬರೆದ. ಮಾತುಮಾತಿಗೂ ಕೋರ್ಟಿಗೆ ಓಡುವವರನ್ನು ಬಯ್ಯುವ ಅಧ್ಯಾಯದ ಚಿತ್ರದಲ್ಲಿ ಗಂಟೆಟೋಪಿ ಹಾಕಿದ ಮೂರ್ಖನೊಬ್ಬ ಹಿಂದಿನಿಂದ ಬಂದು ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾನೆ. ಕತ್ತಿ ಹಿಡಿದವಳಿಗೆ ಕಣ್ಣು ಕಾಣದಿದ್ದರೆ ಏನಾದೀತು ಎಂಬ ಹಾಸ್ಯ. ಐವತ್ತು ವರ್ಷದೊಳಗೆ ಅರ್ಥ ತಿರುವುಮುರುವಾಯಿತು. 1543ರಲ್ಲಿ ಸ್ವಿಜರ್ಲೆಂಡಿನ ಬರ್ನ್ ಪಟ್ಟಣದ ಕಾರಂಜಿಯ ಮೇಲೆ ನಿಲ್ಲಿಸಿದ ನ್ಯಾಯದೇವತೆಗೆ ಪಟ್ಟಿಯೇ ಭೂಷಣ. ಅವಳ ಕಾಲಬುಡದಲ್ಲಿ ಪೋಪ್, ಚಕ್ರವರ್ತಿ, ಸುಲ್ತಾನ ಮತ್ತು ಊರಿನ ಮೇಯರು ಚಿಕ್ಕ ಗೊಂಬೆಗಳಾಗಿ ಕುಳಿತಿದ್ದಾರೆ. ನನಗೆ ಬ್ರಾಂಟ್‌ನ ಮೂರ್ಖನೇ ಹೆಚ್ಚು ಪ್ರಾಮಾಣಿಕ ಎನ್ನಿಸುತ್ತದೆ. ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನ ಗುಮ್ಮಟದ ಮೇಲಿರುವ ಚಿನ್ನದ ಬಣ್ಣದ ವಿಗ್ರಹಕ್ಕೂ ಪಟ್ಟಿ ಇಲ್ಲ.

ಕಣ್ಣು ಬಿಟ್ಟು ನೋಡಿಯೂ ಕಾಣದವನ ಕತೆ ಬೇಕಾದರೆ ಫ್ರಾನ್ಸಿನ ಅರ್ತಿಗಾ ಎಂಬ ಹಳ್ಳಿಗೆ ಹೋಗಬೇಕು. 1548ರಲ್ಲಿ ಮಾರ್ಟಿನ್ ಗೇರ್ ಎಂಬ ರೈತ ಅಪ್ಪನ ಧಾನ್ಯ ಕದ್ದ ಆರೋಪಕ್ಕೆ ಅಂಜಿ, ಹೆಂಡತಿ ಬರ್ಟ್ರಾಂದ್ ಮತ್ತು ಮಗುವನ್ನು ಬಿಟ್ಟು ಊರು ತೊರೆದ. 1556ರಲ್ಲಿ ತಿರುಗಿ ಬಂದ. ಹಳೆಯ ಮಾತುಗಳನ್ನೆಲ್ಲ ಜ್ಞಾಪಿಸಿದ, ಹೆಂಡತಿ ಒಪ್ಪಿಕೊಂಡಳು, ಮಕ್ಕಳೂ ಆದವು. ಆಸ್ತಿಯ ಲೆಕ್ಕ ಕೇಳಿದ ಮೇಲೆ ಚಿಕ್ಕಪ್ಪನಿಗೆ ಇವನು ಮಾರ್ಟಿನ್ ಅಲ್ಲ ಎಂದು ಹೊಳೆಯಿತು. ರಿಯೂ ಪಟ್ಟಣದ ಕೋರ್ಟಿನಲ್ಲಿ ಸುಮಾರು 150 ಸಾಕ್ಷಿಗಳು ನಿಂತರು. ಕೆಲವರು ಇವನೇ ಮಾರ್ಟಿನ್ ಎಂದರು, ಕೆಲವರು ಅಲ್ಲ ಎಂದರು, ಉಳಿದವರು ಹೇಳಲಾರೆವು ಎಂದರು. ಊರಿನ ಚಮ್ಮಾರ ಬಂದು ಮಾರ್ಟಿನ್‌ನ ಪಾದದ ಅಳತೆ ಹನ್ನೆರಡು, ಇವನದು ಒಂಬತ್ತು ಎಂದ. ಎಂಟು ವರ್ಷದಲ್ಲಿ ಮುಖ ಬದಲಾಗಬಹುದು, ಪಾದ ಕುಗ್ಗುತ್ತದೆಯೇ?

ಮೇಲ್ಮನವಿ ಟುಲೂಸ್‌ನ ಪಾರ್ಲಮಾಂಗೆ ಹೋಯಿತು. ಅದು ಹೆಸರಿಗೆ ಪಾರ್ಲಿಮೆಂಟ್, ಕೆಲಸದಲ್ಲಿ ಹೈಕೋರ್ಟು. ವಿಚಾರಣೆಯ ಹೊಣೆ ಹೊತ್ತ ಜಾನ್ ದ ಕೊರಾ ದೊಡ್ಡ ವಿದ್ವಾಂಸ. ಎಲ್ಲವನ್ನೂ ತೂಗಿ ನೋಡಿ, ಮದುವೆ ಮತ್ತು ಮಕ್ಕಳ ಪರವಾಗಿ, ಬಂಧಿಯ ಕಡೆಗೇ ವಾಲಿದ್ದ. ತೀರ್ಪು ಹೊರಬೀಳುವ ಹೊತ್ತಿಗೆ ಮರದ ಕಾಲಿನ ಒಬ್ಬ ಮನುಷ್ಯ ಕೋರ್ಟಿಗೆ ಬಂದು ಮಾರ್ಟಿನ್ ಗೇರ್ ನಾನು ಎಂದ. ಸ್ಪೇನಿನ ಪರ ಹೋರಾಡಿ ಕಾಲು ಕಳೆದುಕೊಂಡಿದ್ದ. ಅಕ್ಕತಂಗಿಯರು ಅವನನ್ನು ಅಪ್ಪಿಕೊಂಡರು. ಆರ್ನೋ ದು ತಿಲ್ ಎಂಬ ವೇಷಗಾರನನ್ನು 1560ರ ಸೆಪ್ಟೆಂಬರ್‌ನಲ್ಲಿ ಅರ್ತಿಗಾದಲ್ಲಿ, ಆ ಮನೆಯ ಮುಂದೆಯೇ ಗಲ್ಲಿಗೇರಿಸಿದರು. ಕೊರಾ ಮರುವರ್ಷ ಈ ಪ್ರಕರಣದ ಮೇಲೆ ಪುಸ್ತಕ ತಂದ. ತಾನು ಎಷ್ಟು ಹತ್ತಿರ ಬಂದು ಎಡವಿದೆ ಎಂಬುದನ್ನು ಮುಚ್ಚಿಡದೆ ಬರೆದಿದ್ದರಿಂದಲೇ ಅದು ಮತ್ತೆ ಮತ್ತೆ ಅಚ್ಚಾಯಿತು. ಈ ಪ್ರಕರಣದ ಬಗ್ಗೆ ಬರೆದ ಪ್ರಬಂಧಕಾರ ಮೊಂತೇನ್‌ನದು ಖಾರದ ನಿಲುವು. ಇಷ್ಟು ಗೋಜಲಿನಲ್ಲಿ ಗಲ್ಲು ಹೇಗೆ ಕೊಟ್ಟಿರಿ, ನ್ಯಾಯಾಲಯಕ್ಕೆ ಇದು ಅರ್ಥವಾಗುತ್ತಿಲ್ಲ ಎಂದು ತೀರ್ಪು ಬರೆಯಲು ಆಗುವುದಿಲ್ಲವೇ ಎಂಬುದು ಅವನ ಪ್ರಶ್ನೆ. ತಬ್ಬಿಬ್ಬಾದ ಗ್ರೀಕ್ ನ್ಯಾಯಾಧೀಶರು ಕಕ್ಷಿದಾರರಿಗೆ ನೂರು ವರ್ಷ ಬಿಟ್ಟು ಬನ್ನಿ ಎಂದಿದ್ದನ್ನು ಅವನು ಜ್ಞಾಪಿಸುತ್ತಾನೆ. ಇತಿಹಾಸಕಾರ್ತಿ ನ್ಯಾಟಲಿ ಜೀಮನ್ ಡೇವಿಸ್ 1983ರಲ್ಲಿ ಇದೇ ಪ್ರಕರಣವನ್ನು ಬರ್ಟ್ರಾಂದ್‌ಳ ಕಡೆಯಿಂದ ನೋಡಿ, ಅವಳು ಮೋಸಹೋದವಳಲ್ಲ, ತಿಳಿದೇ ಒಪ್ಪಿಕೊಂಡವಳು ಎಂದು ವಾದಿಸಿದಳು. ನನಗೆ ಅದು ನಂಬುವ ಹಾಗೆಯೇ ಕಾಣುತ್ತದೆ.

ಇದೇ ಟುಲೂಸ್ ಕೋರ್ಟು ಎರಡು ಶತಮಾನದ ನಂತರ ಜಾನ್ ಕಲಾಸ್ ಎಂಬ ಪ್ರಾಟೆಸ್ಟೆಂಟ್ ಬಟ್ಟೆ ವ್ಯಾಪಾರಿಯನ್ನು ಮಗನನ್ನು ಕೊಂದನೆಂದು ಚಕ್ರಕ್ಕೆ ಕಟ್ಟಿ ಎಲುಬು ಮುರಿಸಿ ಕೊಂದಿತು. ಅದು ನಡೆದದ್ದು 1762ರ ಮಾರ್ಚ್ 10ರಂದು. ಕೊನೆಯ ಗಳಿಗೆಯವರೆಗೂ ಅವನು ತಪ್ಪೊಪ್ಪಿಕೊಳ್ಳಲಿಲ್ಲ. ಪುರಾವೆಯನ್ನು ಅರೆ, ಕಾಲು, ಅರೆಕಾಲು ಎಂದು ಒಡೆದು, ಗಾಳಿಮಾತುಗಳನ್ನೂ ಕೂಡಿಸಿ ಒಂದು ಮಾಡುವ ಆ ಕೋರ್ಟಿನ ಲೆಕ್ಕವನ್ನು ಲೇಖಕ ವಾಲ್ಟೇರ್ ಬೀದಿಗೆಳೆದ. 1764ರಲ್ಲಿ ಮಿಲಾನಿನ ಬೆಕ್ಕಾರಿಯಾನ ಚಿಕ್ಕ ಪುಸ್ತಕ ಬಂತು, ಚಿತ್ರಹಿಂಸೆ ಮತ್ತು ಗಲ್ಲು ಎರಡನ್ನೂ ಪ್ರಶ್ನಿಸಿ. ಕಲಾಸ್ ನಿರಪರಾಧಿ ಎಂದು 1765ರಲ್ಲಿ ಘೋಷಣೆಯಾಯಿತು. ಈ ಕತೆ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ.

ಪಠ್ಯಪುಸ್ತಕದಲ್ಲಿ ಅಷ್ಟಾಗಿ ಸಿಗದ್ದು ಇಂಗ್ಲೆಂಡಿನ ಹನ್ನೆರಡು ಜನರ ಕತೆ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು ಎಂಬ ತತ್ವವನ್ನು ನಮ್ಮ ಕೋರ್ಟುಗಳೂ ದಿನಾ ಉಚ್ಚರಿಸುತ್ತವೆ. ಅದು ಆಪಾದಿತನ ರಕ್ಷಣೆಗೆ ಹುಟ್ಟಿದ್ದೆಂದು ನಾವು ತಿಳಿದಿದ್ದೇವೆ. ಅಮೆರಿಕದ ಕಾನೂನು ಇತಿಹಾಸಕಾರ ಜೇಮ್ಸ್ ವಿಟ್ಮನ್ 2008ರಲ್ಲಿ ಬೇರೆಯೇ ಮಾತು ಹೇಳಿದ. ಅದರ ಬೇರು ಇರುವುದು ಪಾಪನಿವೇದನೆಯ ಶಾಸ್ತ್ರದಲ್ಲಿ. ಸಂಶಯ ಇದ್ದಾಗ ಆತ್ಮಕ್ಕೆ ಅಪಾಯವಿಲ್ಲದ ದಾರಿ ಹಿಡಿ ಎಂದು ಪಾದ್ರಿಗಳು ಕ್ರೈಸ್ತ ನ್ಯಾಯಾಧೀಶನಿಗೆ ಹೇಳಿಕೊಟ್ಟ ಬುದ್ಧಿ ಅದು. ಮೊದಲು ಕಾಪಾಡಿದ್ದು ಜ್ಯೂರಿಯ ಆತ್ಮವನ್ನು. ಈ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಓಲ್ಡ್ ಬೈಲಿಯ ಕಡತ ತಿರುವಿದರೆ ಜ್ಯೂರಿಗಳ ಚಡಪಡಿಕೆ ಕೈಗೆ ಸಿಗುತ್ತದೆ. 1674ರಿಂದ 1913ರವರೆಗಿನ ಸುಮಾರು ಎರಡು ಲಕ್ಷ ವಿಚಾರಣೆಗಳ ವರದಿ ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು.

ಅಲ್ಲಿ ಒಂದು ಅಂಕಿ ಪದೇ ಪದೇ ಕಣ್ಣಿಗೆ ಬೀಳುತ್ತದೆ: 39 ಶಿಲಿಂಗ್. 1713ರ ಕಾಯ್ದೆಯ ಪ್ರಕಾರ ವಾಸದ ಮನೆಯಿಂದ 40 ಶಿಲಿಂಗ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ವಸ್ತು ಕದ್ದರೆ ಗಲ್ಲು. ಕದ್ದವಳು ಮನೆಗೆಲಸದ ಹುಡುಗಿ. ಕಟಕಟೆಯಲ್ಲಿ ನಿಂತಿದ್ದಾಳೆ. ಕದ್ದದ್ದು ಬೆಳ್ಳಿ ಚಮಚ, ರೇಷ್ಮೆ, ಗಡಿಯಾರ, ಏನೇ ಇರಲಿ, ಮಾಲೀಕ ಎಷ್ಟೇ ಬೆಲೆ ಹೇಳಲಿ, ಜ್ಯೂರಿ ಕಿವಿಗೆ ಬಾಯಿ ಹಚ್ಚಿ ಮಾತಾಡಿ ಬಂದು ಹೇಳುತ್ತದೆ: ಅಪರಾಧಿ, ವಸ್ತುವಿನ ಬೆಲೆ 39 ಶಿಲಿಂಗ್. ಅಂಗಡಿ ಕಳ್ಳತನಕ್ಕೆ ಗೆರೆ 5 ಶಿಲಿಂಗ್, ಅಲ್ಲಿ ಜ್ಯೂರಿಯ ಬೆಲೆ 4 ಶಿಲಿಂಗ್ 10 ಪೆನ್ಸ್. ಪ್ರಮಾಣ ಮಾಡಿ ಕುಳಿತವರು ಎಲ್ಲರೆದುರು ಹೇಳುವ ಈ ಸುಳ್ಳನ್ನು ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ದೈವಭಕ್ತಿಯ ಸುಳ್ಳು ಎಂಬರ್ಥದ ಮಾತಿನಲ್ಲಿ ಕರೆದ. ನ್ಯಾಯಾಧೀಶರು ಕಂಡೂ ಕಾಣದಂತಿರುತ್ತಿದ್ದರು. ಗಲ್ಲಿನ ಬದಲು ಹುಡುಗಿಯನ್ನು ಹಡಗು ಹತ್ತಿಸಿ ವಸಾಹತಿಗೆ ಕಳಿಸುತ್ತಿದ್ದರು. ಅದೇನು ಸುಖದ ಶಿಕ್ಷೆಯಲ್ಲ. ಎಲ್ಲರಿಗೂ ಈ ಕೃಪೆ ಸಿಗುತ್ತಿತ್ತು ಎಂದೂ ಅಲ್ಲ, ಗಲ್ಲಿಗೆ ಹೋದವರ ಪಟ್ಟಿಯೂ ಅದೇ ಕಡತದಲ್ಲಿ ಉದ್ದವಾಗಿದೆ.

1827ರಲ್ಲಿ ಪಾರ್ಲಿಮೆಂಟು ಮನೆಗಳ್ಳತನದ ಗೆರೆಯನ್ನು 5 ಪೌಂಡಿಗೆ, ಅಂದರೆ 100 ಶಿಲಿಂಗಿಗೆ ಏರಿಸಿತು. ಜ್ಯೂರಿಗಳ ಬೆಲೆ 99 ಶಿಲಿಂಗಿಗೆ ಏರಿತು. ಈ ಗಲ್ಲು 1832ರಲ್ಲಿ ಹೋಯಿತು. ಅದಕ್ಕೂ ಎರಡು ವರ್ಷ ಮೊದಲು, 1830ರಲ್ಲಿ, ಇಂಗ್ಲೆಂಡಿನ ನಾನಾ ಊರುಗಳ ಬ್ಯಾಂಕಿನವರು ಸೇರಿ ಪಾರ್ಲಿಮೆಂಟಿಗೆ ಒಂದು ಅರ್ಜಿ ಸಲ್ಲಿಸಿದ್ದರು. ಖೋಟಾ ದಸ್ತಾವೇಜಿಗೆ ಆಗ ಗಲ್ಲೇ ಶಿಕ್ಷೆ. ನಷ್ಟ ಅನುಭವಿಸುತ್ತಿದ್ದವರು ಈ ಬ್ಯಾಂಕಿನವರೇ. ದಯವಿಟ್ಟು ಆ ಗಲ್ಲನ್ನು ತೆಗೆಯಿರಿ ಎಂದು ಅವರು ಬೇಡಿಕೊಂಡರು. ಕನಿಕರದ ಮಾತೇನೂ ಅದರಲ್ಲಿ ಮುಖ್ಯವಾಗಿರಲಿಲ್ಲ. ಗಲ್ಲು ಇರುವವರೆಗೆ ಜ್ಯೂರಿಯವರು ಯಾರನ್ನೂ ಅಪರಾಧಿ ಎನ್ನುವುದಿಲ್ಲ, ನಮ್ಮ ದುಡ್ಡಿಗೆ ರಕ್ಷಣೆಯೇ ಇಲ್ಲದಾಗಿದೆ ಎಂಬುದು ಅವರ ಅಳಲು.